ಕೈವಾಡವಿಲ್ಲದ ವೈನ್

ಗೇಟಿನ ಹೊರಗೆ ಖಾಲಿ ಬಾಟಲಿಗಳು ಒಂದಕ್ಕೊಂದು ತಾಗಿದ ಸದ್ದಾಯಿತು.

ನಾನು ಸ್ಟೌ ಮುಂದೆ ನಿಂತಿದ್ದೆ. ಹಾಲು ಉಕ್ಕಿ ಉರಿ ಆರಿಹೋಗಿತ್ತು. ಅದನ್ನೇ ನೋಡುತ್ತ ನಿಂತಿದ್ದೇನೆ ಎಂದು ಗೊತ್ತಾದದ್ದು ಆ ಸದ್ದು ಕೇಳಿದ ಮೇಲೆ.

ನೆಂಟರೆಲ್ಲ ಹಿಂದಿನ ಸಂಜೆ ಹೊರಟುಹೋಗಿದ್ದರು. ಅಂತ್ಯಕ್ರಿಯೆಯ ನಂತರ ಬಂದ ಮೊದಲ ಮಾಮೂಲಿ ಬೆಳಗು ಅದು. ಕಸದ ಗಾಡಿ ಬಂದು ಹೋಗಿತ್ತು. ಎದುರು ಮನೆಯವರು ಎಂದಿನಂತೆ ಕಾರು ತೊಳೆಯುತ್ತಿದ್ದರು.

ಗೇಟಿನಲ್ಲಿ ಸೈಕಲ್ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಳು. ಬುಟ್ಟಿಯಲ್ಲಿ ತೊಳೆದ ಬಾಟಲಿಗಳು. ನಮ್ಮ ವೈನ್ ಕೊಳ್ಳುವವರು ಖಾಲಿ ಬಾಟಲಿ ತಂದು ಗೇಟಿನೊಳಗೆ ಇಟ್ಟು ಹೋಗುತ್ತಾರೆ. ನಾವು ಮತ್ತೆ ತುಂಬಿಸುತ್ತೇವೆ. ಆ ಪದ್ಧತಿ ತಂದವನು ನನ್ನ ಗಂಡ.

"ಈ ವರ್ಷದ್ದು ಯಾವಾಗ ಕೊಡ್ತೀರ?" ಅಂದಳು. "ನಮ್ಮ ಆಫೀಸಲ್ಲಿ ಎಲ್ರೂ ಕೇಳ್ತಿದಾರೆ. ನಿಮ್ಮ ಮನೆಯವರು ಇಲ್ವಾ?"

"ಇಲ್ಲ," ಅಂದೆ.

"ಸರಿ, ಇನ್ನೊಂದ್ಸಲ ಬರ್ತೀನಿ."

ಅವಳು ಸೈಕಲ್ ತಿರುಗಿಸಿ ಹೋದಳು. ನಾನು ಸುಳ್ಳು ಹೇಳಿರಲಿಲ್ಲ. ಇಲ್ಲ ಎಂಬ ಒಂದೇ ಮಾತು ಪೇಟೆಗೆ ಹೋದವನಿಗೂ ಸಾಕು, ಸತ್ತವನಿಗೂ ಸಾಕು.

ಬಾಟಲಿಗಳನ್ನು ಒಳಗೆ ತಂದೆ. ಒಂದರ ಮೇಲೆ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವನೇ ಬರೆದ ಅಕ್ಷರ: 'ಕೈವಾಡವಿಲ್ಲ.'

ತೋಟಕ್ಕೆ ಕಳೆನಾಶಕ ಹೊಡೆಯುವುದಿಲ್ಲ, ಸಾಲುಗಳ ನಡುವಿನ ಹುಲ್ಲು ಪಕ್ಕದವರ ಕುರಿಗಳಿಗೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ತಾನಾಗಿ ಇರುವ ಈಸ್ಟ್‌ನಿಂದಲೇ ರಸ ಹುದುಗಬೇಕು. ಸಕ್ಕರೆ ಇಲ್ಲ, ಪುಡಿ ಇಲ್ಲ, ಸೋಸುವುದಿಲ್ಲ. ಮೊದಲ ವರ್ಷ ಕೊಂಡವರು ಮಬ್ಬಾಗಿದೆ ಎಂದು ವಾಪಸು ತಂದರು. ಈಗ ಪೇಟೆಯ ಅಂಗಡಿಗಳಲ್ಲಿ ಇಂಥದ್ದನ್ನೇ ಹುಡುಕಿಕೊಂಡು ಬರುತ್ತಾರೆ. ಮಬ್ಬಾಗಿಲ್ಲದಿದ್ದರೆ ಅನುಮಾನ ಪಡುತ್ತಾರೆ.

ಅತ್ತೆಗೆ ಮಾತ್ರ ಅದು ಕೊನೆಯವರೆಗೂ ಹುಳಿನೀರು. "ನಿನ್ನ ಹುಳಿನೀರಿಗೆ ಒಂದು ಹಿಡಿ ಸಕ್ಕರೆ ಹಾಕೋಕೆ ಏನು ಕಷ್ಟನೋ," ಅನ್ನುತ್ತಿದ್ದರು. "ನಿಮ್ಮ ಕೈ ದೂರ ಇರಲಿ ಅಮ್ಮ," ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು.

ಅತ್ತೆ ಅಡುಗೆಮನೆಯ ಮೇಜಿಗೆ ಬಂದು ಕೂತರು. ಕಾಫಿ ಲೋಟ ಮುಂದಿಟ್ಟೆ. ಸಕ್ಕರೆ ಡಬ್ಬಿ ತೆಗೆದರೆ ತಳ ಕಂಡಿತು. ಪಕ್ಕದ ಚೀಲವೂ ಖಾಲಿ. ಬಂದವರಿಗೆಲ್ಲ ಕಾಫಿ ಮಾಡಿ ಮುಗಿದಿರಬೇಕು ಅಂದುಕೊಂಡೆ.

"ಸಕ್ಕರೆ ತರಿಸ್ತೀನಿ ಅತ್ತೆ."

"ನನಗೆ ಬೇಡ ಕಣೆ. ಇನ್ನು ಸಿಹಿ ಬೇಡ."

ಅವರು ಕಾಫಿ ಕುಡಿಯಲಿಲ್ಲ. ಲೋಟದ ಸುತ್ತ ಕೈ ಇಟ್ಟುಕೊಂಡು ಕೂತರು. ಒಂದೇ ಮನೆಯಲ್ಲಿ ಈಗ ಇಬ್ಬರು ವಿಧವೆಯರು.

*

ಇನ್ಸ್‌ಪೆಕ್ಟರ್ ಬಂದಾಗ ನಾನು ನೆರೆಯವರು ಊಟ ಕಳಿಸಿದ್ದ ಡಬ್ಬಿಗಳನ್ನು ತೊಳೆಯುತ್ತಿದ್ದೆ. ಎಲ್ಲ ವಾಪಸು ಕೊಡಬೇಕಿತ್ತು.

ಅವರು ಮುಂದಿನ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತರು. ಒಳ್ಳೆಯ ಮನುಷ್ಯ. ಮಾತು ಶುರು ಮಾಡುವುದು ಅವರಿಗೂ ಕಷ್ಟವಾಗಿತ್ತು.

"ನಮ್ಮನೆಯವಳು ನಿಮ್ಮ ವೈನೇ ಬೇಕು ಅಂತಾಳೆ ಮೇಡಂ. ಕುಡಿದ್ರೆ ತಲೆನೋವು ಬರಲ್ವಂತೆ. ನನಗೇನೋ ಮಣ್ಣು ನೆಕ್ಕಿದ ಹಾಗಾಗುತ್ತೆ."

ನಾನು ನಗಬೇಕಿತ್ತು. ನಗು ಬರಲಿಲ್ಲ.

"ಇದಕ್ಕೊಂದು ಸಹಿ ಬೇಕಿತ್ತು," ಅಂದು ಹಾಳೆ ಮುಂದಿಟ್ಟರು. "ಎಲ್ಲ ನೋಡಿದ್ವಿ. ನೆಲಮಾಳಿಗೆಯಲ್ಲಿ ವೈನ್ ಹುದುಗೋವಾಗ ಬರೋ ಗಾಳಿ ತುಂಬ್ಕೊಂಡಿತ್ತು. ಉಸಿರು ಕಟ್ಟಿದೆ. ಯಾರ ಕೈವಾಡಾನೂ ಕಾಣಲ್ಲ."

ಆ ಪದ ಕೇಳಿ ತಲೆ ಎತ್ತಿದೆ. ಅವರಿಗೆ ಅದು ಗೊತ್ತಾಗಲಿಲ್ಲ.

ಹಾಳೆಯಲ್ಲಿ ಒಂದು ಸಾಲು ಎದ್ದು ಕಂಡಿತು: ಮೃತರ ಅಜಾಗರೂಕತೆಯಿಂದ ಸಂಭವಿಸಿದ ಸಾವು.

"ಅವನು ಅಜಾಗರೂಕ ಅಲ್ಲ," ಅಂದೆ. "ಮೇಣದಬತ್ತಿ ಹಚ್ಚದೆ ಕೆಳಗೆ ಇಳಿಯುವವನಲ್ಲ."

ಹುದುಗುವ ರಸದಿಂದ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಅವನು ಒಂದು ತಗಡಿನ ಡಬ್ಬಿಯಲ್ಲಿ ಮೇಣದಬತ್ತಿ ಹಚ್ಚಿ, ಮೊಣಕಾಲ ಮಟ್ಟಕ್ಕೆ ತೂಗುಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದ. ಉರಿ ಸಣ್ಣಗಾದರೆ ಹಿಂದಕ್ಕೆ ಬರುತ್ತಿದ್ದ. ನಾನು ಓದಿದ್ದು ರಸಾಯನಶಾಸ್ತ್ರ. ಗಾಳಿ ಅಳೆಯುವ ಮೀಟರ್ ತರಿಸೋಣ ಅಂದರೆ, "ಇದಕ್ಕೆ ಬ್ಯಾಟರಿ ಬೇಡ ಕಣೆ," ಅನ್ನುತ್ತಿದ್ದ.

ಇನ್ಸ್‌ಪೆಕ್ಟರ್ ಫೋನಿನಲ್ಲಿ ಒಂದು ಫೋಟೊ ತೋರಿಸಿದರು. ನೆಲಮಾಳಿಗೆಯ ಬಾಗಿಲ ಪಕ್ಕದ ಮೊಳೆ. ಮೊಳೆಯಲ್ಲಿ ತಗಡಿನ ಡಬ್ಬಿ. ಒಳಗೆ ಮೇಣದಬತ್ತಿ. ಬತ್ತಿ ಬೆಳ್ಳಗಿತ್ತು.

"ಹಚ್ಚಿಲ್ಲ ಮೇಡಂ," ಅಂದರು ಮೆತ್ತಗೆ. "ಒಂದ್ಸಲಾನೂ ಹಚ್ಚಿಲ್ಲ. ಹೊಸಾ ಕ್ಯಾಂಡಲ್. ಏನೋ ಯೋಚನೇಲಿ ಮರೆತಿರಬೇಕು."

ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಮತ್ತೆ ನೋಡಿದೆ.

"ಸಂಜೆ ಸಹಿ ಹಾಕಿದರೆ ಆಗುತ್ತಾ?"

"ಸಂಜೆ ಬರ್ತೀನಿ. ಅದಕ್ಕಿಂತ ತಡ ಆದ್ರೆ ನನಗೆ ಮೇಲಿನವರು ಕೇಳ್ತಾರೆ."

ಅವರು ಹೋದ ಮೇಲೂ ಆ ಬಿಳಿ ಬತ್ತಿ ಕಣ್ಣ ಮುಂದೆಯೇ ಇತ್ತು. ಇನ್ಸ್‌ಪೆಕ್ಟರಿಗೆ ಅದು ಮರೆವು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಅರ್ಥವಿತ್ತು.

ಹುದುಗು ಪೂರ್ತಿ ಮುಗಿದ ದಿನ ಅವನು ಉರಿದು ಕರಗಿದ ತುಂಡನ್ನು ಕಿತ್ತೆಸೆದು ಹೊಸ ಮೇಣದಬತ್ತಿ ನಿಲ್ಲಿಸುತ್ತಿದ್ದ, ಮುಂದಿನ ಸುಗ್ಗಿಗೆ. ಬಂದು ನನ್ನ ಕಿವಿಯ ಹತ್ತಿರ ಮೆಲ್ಲಗೆ, "ಮಲಗಿತು," ಅನ್ನುತ್ತಿದ್ದ, ಮಗುವನ್ನು ಮಲಗಿಸಿ ಬಂದವನ ಹಾಗೆ. ಮಲಗಿದ ವೈನ್ ಗಾಳಿ ಬಿಡುವುದಿಲ್ಲ. ಆಮೇಲೆ ಬತ್ತಿ ಹಚ್ಚುವ ಕೆಲಸವಿಲ್ಲ.

ಈ ಸಲವೂ ಅಂದಿದ್ದ. ಅದಾದ ಮೇಲೆ ನಾವಿಬ್ಬರೂ ಪೇಟೆಗೆ ಹೋದೆವು, ವೈನ್ ಅಂಗಡಿಯವರನ್ನು ನೋಡಿಬರಲು. ಕೆಲವು ದಿನ ಅಲ್ಲೇ ಉಳಿದೆವು. ಮನೆಯಲ್ಲಿ ಅತ್ತೆ ಒಬ್ಬರೇ. ತಿರುಗಿ ಬಂದ ಮರುದಿನ ಬೆಳಿಗ್ಗೆ ಅವನು ಕೆಳಗೆ ಇಳಿದ. ಮೇಲೆ ಬರಲಿಲ್ಲ.

ಅವನು ಏನನ್ನೂ ಮರೆತಿರಲಿಲ್ಲ. ವೈನ್ ಮಲಗಿದೆ ಎಂದು ನಂಬಿ ಇಳಿದಿದ್ದ.

ಹಾಗಾದರೆ ಆ ಗಾಳಿ ಎಲ್ಲಿಂದ ಬಂತು?

*

ಹೊರಗೆ ಹಾರ್ನ್ ಕೇಳಿತು. ಭಾವ.

ಅವನ ಅಣ್ಣ ಕಾರಿನಿಂದ ಇಳಿದು ಕರೆಯುವವರಲ್ಲ. ಗೇಟಿನ ಮುಂದೆ ನಿಲ್ಲಿಸಿ, ಯಾರಾದರೂ ಹೊರಗೆ ಬರುವವರೆಗೆ ಹಾರ್ನ್ ಒತ್ತಿ ಹಿಡಿದೇ ಇರುತ್ತಾರೆ. ಬೀದಿಯವರಿಗೆಲ್ಲ ಅದು ಗೊತ್ತು. ಅವನು ನಗುತ್ತಿದ್ದ: "ನಮ್ಮಣ್ಣ ಹುಟ್ಟಿದಾಗ ಅತ್ತಿದ್ದೂ ಹೀಗೇ ಇರಬೇಕು."

ಗೇಟಿನವರೆಗೆ ಹೋದೆ. ಭಾವ ಗಾಜು ಇಳಿಸಿದರು. ಸರಿಯಾಗಿ ನಿದ್ದೆ ಮಾಡಿದಂತೆ ಕಾಣಲಿಲ್ಲ.

"ನೆಲಮಾಳಿಗೆ ಕೀಲಿ ಕೊಡು. ವೈನ್ ಕಾರ್ಖಾನೆ ಮೇಷ್ಟ್ರ ಹತ್ರ ಮಾತಾಡಿದೀನಿ. ಇರೋದೆಲ್ಲ ಅವರೇ ತಗೊಳ್ತಾರೆ. ಸೋಸಿ, ಸರಿ ಮಾಡಿ, ಅವರ ಹೆಸರಲ್ಲಿ ಮಾರ್ಕೋತಾರೆ."

"ಇವತ್ತು ಬೇಡ ಭಾವ."

"ಇವತ್ತಲ್ಲದೆ ಯಾವಾಗ? ಅವನಿಲ್ದೆ ಅದನ್ನ ಯಾರು ನೋಡ್ಕೋತಾರೆ? ನೀನಾ, ಅಮ್ಮನಾ?" ದನಿ ಏರಿತು, ತಾನಾಗಿ ಇಳಿಯಿತು. "ತೋಟದಲ್ಲಿ ನಂದೂ ಪಾಲಿದೆ ಅನ್ನೋದು ನಿಮ್ಮಿಬ್ಬರಿಗೂ ಯಾವತ್ತೂ ನೆನಪಿರಲಿಲ್ಲ. ಮಾರೋಣ ಅಂತ ಅವತ್ತೇ ಹೇಳಿದ್ದೆ. ಕೇಳಿದ್ರೆ ಇವತ್ತು..."

ಅವರು ಸ್ಟಿಯರಿಂಗ್ ನೋಡುತ್ತ ಕೂತರು.

"ಕೀಲಿ ನಾಳೆ ಕೊಡ್ತೀನಿ."

"ನಿನ್ನಿಷ್ಟ. ಒಂದು ಮಾತು, ಕೆಳಗೆ ಇಳೀಬೇಡ. ಹುದುಗು ಇನ್ನೂ ಅಡಗಿಲ್ಲ."

ಕಾರು ಹೋಯಿತು. ಅದಿನ್ನೂ ಅಡಗಿಲ್ಲ ಎಂದು ಅವರಿಗೆ ಹೇಗೆ ಗೊತ್ತು ಎಂದು ನನಗೆ ಹೊಳೆದದ್ದು ಕಾರು ತಿರುವು ದಾಟಿದ ಮೇಲೆ.

*

ನೆಲಮಾಳಿಗೆಯ ಬಾಗಿಲು ಅಡುಗೆಮನೆಯ ಹಿಂದೆ. ಕೀಲಿ ಯಾವಾಗಲೂ ಪಾತ್ರೆ ಕಪಾಟಿನ ಪಕ್ಕದ ಕೊಕ್ಕೆಯಲ್ಲಿ. ಅತ್ತೆಯ ಆಲೂಗಡ್ಡೆ, ಈರುಳ್ಳಿಯೆಲ್ಲ ಇರುವುದು ಅಲ್ಲೇ ಕೆಳಗೆ.

ಬಾಗಿಲು, ಕಿಟಕಿ ತೆರೆದು, ಟೇಬಲ್ ಫ್ಯಾನನ್ನು ಮೆಟ್ಟಿಲ ಮೇಲೆ ಹಚ್ಚಿಟ್ಟು ಬಹಳ ಹೊತ್ತು ಕಾದೆ. ಆಮೇಲೆ ಆ ಬಿಳಿ ಬತ್ತಿಗೆ ಕಡ್ಡಿ ಗೀರಿದೆ. ಅದನ್ನು ನಾನು ಹಚ್ಚಬೇಕಾಗಿ ಬರುತ್ತದೆ ಎಂದು ಅವನೂ ಅಂದುಕೊಂಡಿರಲಿಕ್ಕಿಲ್ಲ.

ಕೊನೆಯ ಮೆಟ್ಟಿಲಿನಲ್ಲಿ ಉರಿ ಕುಗ್ಗಿತು. ಆರಲಿಲ್ಲ.

ಅವನು ಬಿದ್ದಿದ್ದ ಜಾಗವನ್ನು ನೋಡಲಿಲ್ಲ. ಮೆಟ್ಟಿಲಿಗೆ ಹತ್ತಿರದ ಪೀಪಾಯಿಗೆ ಕಿವಿ ಇಟ್ಟೆ. ಮಲಗಿದ ಪೀಪಾಯಿ ಸದ್ದು ಮಾಡುವುದಿಲ್ಲ. ಇದು ಸಣ್ಣಗೆ ಜುಯ್ಯೆನ್ನುತ್ತಿತ್ತು. ಬಿರಡೆ ಸಡಿಲಿಸಿದರೆ ಬುಸ್ ಎಂದು ಗಾಳಿ ಬಂತು.

ಗಾಜಿನ ಕೊಳವೆಯಲ್ಲಿ ಒಂದಿಷ್ಟು ಎಳೆದುಕೊಂಡು ಮೇಲೆ ಓಡಿದೆ.

ನಾಲಿಗೆಗೆ ಸಿಹಿ ತಾಗಿತು. ದ್ರಾಕ್ಷಿಯ ಸಿಹಿಯಲ್ಲ, ಬರೀ ಸಿಹಿ. ಮೂಗಿಗೆ ಮಾಗಿದ ಬಾಳೆಹಣ್ಣಿನ ವಾಸನೆ.

ನಮ್ಮ ವೈನ್ ಎಂದೂ ಹಾಗೆ ನಾರಿದ್ದಿಲ್ಲ. ಆ ವಾಸನೆ ನನಗೆ ಮೊದಲು ಸಿಕ್ಕಿದ್ದು ಒಂದೇ ಜಾಗದಲ್ಲಿ: ಸುಗ್ಗಿಯ ಕಾಲದ ಮೇಷ್ಟ್ರ ಕಾರ್ಖಾನೆಯಲ್ಲಿ. ಅವನು ಕೆಲಸ ಕಲಿತ ಜಾಗ ಅದು. ಅಲ್ಲಿ ದ್ರಾಕ್ಷಿಯ ಈಸ್ಟನ್ನು ನಂಬುವುದಿಲ್ಲ. ಮೇಷ್ಟ್ರು ತಾವೇ ಬೆಳೆಸಿದ ಈಸ್ಟ್ ಹಾಕುತ್ತಾರೆ.

ಮಲಗಿದ್ದ ವೈನಿಗೆ ಯಾರೋ ಸಕ್ಕರೆ ಮತ್ತು ಈಸ್ಟ್ ಹಾಕಿ ಎಬ್ಬಿಸಿದ್ದರು. ಮುಚ್ಚಿದ ನೆಲಮಾಳಿಗೆ ನಾವು ಊರಲ್ಲಿಲ್ಲದ ದಿನಗಳಲ್ಲಿ ನಿಧಾನವಾಗಿ ತುಂಬಿಕೊಂಡಿತ್ತು.

ಇನ್ನೊಂದು ಸಾಕ್ಷಿ ಬೇಕಿತ್ತು. ಅವನ ಕಪಾಟಿನಲ್ಲಿ ಮರದ ಉದ್ದ ಪೆಟ್ಟಿಗೆ ಇತ್ತು, ನಮ್ಮದಲ್ಲದ್ದು. ಒಳಗೆ ಹತ್ತಿಯ ಮೇಲೆ ಮಲಗಿಸಿದ ಹೈಡ್ರೋಮೀಟರ್: ತಳದಲ್ಲಿ ಭಾರದ ಗುಂಡು, ಮೇಲೆ ಗೆರೆ ಎಳೆದ ತೆಳ್ಳನೆಯ ಗಾಜು. ಸಿಹಿಯಿದ್ದಷ್ಟೂ ಮೇಲೆ ತೇಲುತ್ತದೆ. ಸಿಹಿ ಮುಗಿದಿದ್ದರೆ ಮುಳುಗುತ್ತದೆ. ಅವನು ಹುದುಗಿನ ಕೊನೆಯಲ್ಲಿ ಇದನ್ನು ಮೇಷ್ಟ್ರ ಹತ್ತಿರ ಕೇಳಿ ತಂದಿದ್ದ. ಮಲಗಿತು ಎಂದ ದಿನ, ಅದು ಕಡೆಯ ಗೆರೆಯವರೆಗೆ ಮುಳುಗಿದ್ದನ್ನು ನಾನೂ ಕಣ್ಣಾರೆ ನೋಡಿದ್ದೆ.

ಈಗ ಎತ್ತರದ ಲೋಟದಲ್ಲಿ ಬಿಟ್ಟೆ. ಅದು ಮೇಲೆ ಎದ್ದು ನಿಂತಿತು.

ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ತೊಳೆದಿಟ್ಟ ಡಬ್ಬಿಗಳ ಜೊತೆ ವಾಪಸು ಕೊಡಬೇಕಾದ್ದು ಇದೂ ಒಂದು.

"ಎಲ್ಲಿಗೆ?" ಅಂದರು ಅತ್ತೆ. ಬೆಳಗಿನ ಲೋಟ ಅವರ ಮುಂದೆ ಹಾಗೇ ಇತ್ತು.

"ಮೇಷ್ಟ್ರಲ್ಲಿಗೆ. ಅವನು ತಂದಿದ್ದ ಒಂದು ಸಾಮಾನು ಕೊಟ್ಟು ಬರ್ತೀನಿ."

ಅತ್ತೆ ಕೀಲಿಯ ಕೊಕ್ಕೆಯ ಕಡೆ ನೋಡಿದರು. "ಬೇಗ ಬಾ," ಅಂದರು. "ಒಬ್ಬಳೇ ಇರಕ್ಕಾಗಲ್ಲ."

*

ಮೇಷ್ಟ್ರ ಕಾರ್ಖಾನೆಯಲ್ಲಿ ಎಲ್ಲವೂ ಹೊಳೆಯುತ್ತದೆ. ಉಕ್ಕಿನ ತೊಟ್ಟಿಗಳು, ಬಿಳಿ ಟೈಲ್ಸ್, ಕನ್ನಡಿಯಂಥ ವೈನ್. ಅವನು ಅವರಿಗೆ ಇಟ್ಟ ಹೆಸರು ಪಳಪಳ ಮೇಷ್ಟ್ರು. ಅದು ಅವರ ಕಿವಿಗೂ ಬಿದ್ದಿತ್ತು.

ಅವರು ಲ್ಯಾಬಿನಲ್ಲಿ ಒಬ್ಬರೇ ಇದ್ದರು. ನಿಂತುಕೊಂಡೇ ಡಬ್ಬಿಯಿಂದ ಊಟ ಮಾಡುತ್ತಿದ್ದರು. ನನ್ನನ್ನು ನೋಡಿ ಡಬ್ಬಿ ಮುಚ್ಚಿದರು. ಕಪಾಟಿನ ತುಂಬ ಹಿಂದಿನ ವರ್ಷದ ಬಾಟಲಿಗಳಿದ್ದವು.

"ಕೂತ್ಕೋಮ್ಮ."

"ಕೂರಲ್ಲ ಮೇಷ್ಟ್ರೇ. ಇದನ್ನ ಕೊಡಕ್ಕೆ ಬಂದೆ."

ಅವರು ಪೆಟ್ಟಿಗೆ ನೋಡಿದರು, ಮುಟ್ಟಲಿಲ್ಲ.

"ಇದನ್ನ ಕೇಳೋಕೆ ಬಂದಾಗ ನಿನಗ್ಯಾಕೋ ಇದು ಅಂತ ನಗಾಡಿದ್ದೆ. ನಾಲಿಗೆ ನಂಬಿ ವೈನ್ ಮಾಡೋನು. ಪೇಟೆ ಅಂಗಡಿಯವರು ಅಳತೆ ಕೇಳ್ತಾರೆ ಮೇಷ್ಟ್ರೇ ಅಂದ. ನನ್ನ ಅಳತೆ ಕೊನೆಗೂ ಬೇಕಾಯ್ತಲ್ಲ ಅಂದೆ. ಅಳತೆ ಮಾತ್ರ, ಪುಡಿ ಬೇಡ ಅಂದ." ಅವರ ತುಟಿ ಒಂದು ಕಡೆ ನಗುವಿನಂತೆ ಸರಿಯಿತು. "ಬಾಯಿ ಜೋರು ಅವನದು."

"ಅಳತೆ ನೋಡಿ ನಿಮಗೆ ಹೇಳಿದ್ನಾ?"

"ಫೋನ್ ಮಾಡಿದ್ದ. ಮುಳುಗಿತು ಮೇಷ್ಟ್ರೇ, ಮಲಗಿತು ಅಂದ."

ಆ ಪದ ಇನ್ನೊಬ್ಬರ ಬಾಯಲ್ಲಿ ಕೇಳುತ್ತೇನೆ ಅಂದುಕೊಂಡಿರಲಿಲ್ಲ.

"ಈಗ ತೇಲ್ತಿದೆ," ಅಂದೆ.

"ಏನಂದೆ?"

"ವೈನ್ ಎದ್ದಿದೆ. ಯಾರೋ ಸಕ್ಕರೆ ಹಾಕಿದಾರೆ, ಈಸ್ಟ್ ಹಾಕಿದಾರೆ. ಬಾಳೆಹಣ್ಣಿನ ವಾಸನೆ ಬರ್ತಿದೆ. ನಿಮ್ಮ ಕಾರ್ಖಾನೆ ವಾಸನೆ."

ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡು ನಿಧಾನವಾಗಿ ಕೂತರು.

"ನಾನು ಹಾಕಿಸಿದೆ ಅಂತೀಯ?"

"ಅವನು ಬತ್ತಿ ಹಚ್ಚದೆ ಇಳೀತಾನೆ ಅನ್ನೋದು ವೈನ್ ಮಲಗಿದೆ ಅಂತ ಗೊತ್ತಿದ್ದವರಿಗೆ ಮಾತ್ರ ಗೊತ್ತು. ನಿಮಗೆ ಗೊತ್ತಿತ್ತು. ಆ ಈಸ್ಟ್ ಇರೋದು ನಿಮ್ಮಲ್ಲಿ ಮಾತ್ರ. ಉಳಿದ ವೈನ್ ಕೊಂಡ್ಕೋತಿರೋದೂ ನೀವೇ."

"ಕೊಂಡ್ಕೋತೀನಿ ಅಂದಿದ್ದು ನಿನಗೆ ಅದರ ಭಾರ ಬೇಡ ಅಂತ. ನಿನ್ನ ಭಾವ ಬಂದು ಕೂತ, ಇಲ್ಲ ಅನ್ನೋಕೆ ಆಗಲಿಲ್ಲ." ಅವರ ದನಿ ಗಡುಸಾಯಿತು. "ಸಿಟ್ಟಿತ್ತಮ್ಮ. ಸುಳ್ಳು ಹೇಳಲ್ಲ. ನನ್ನ ಬಾಟಲಿಗಳು ಇಲ್ಲಿ ಧೂಳು ತಿಂತಿದಾವೆ, ಅಲ್ಲಿ ಜನ ಅವನ ಮಬ್ಬು ನೀರಿಗೆ ಮುಗಿಬೀಳ್ತಾರೆ. ನಾನು ಕಲಿಸಿದ್ದನ್ನೆಲ್ಲ ಬಿಟ್ಟು ಗೆದ್ದ. ಸಿಟ್ಟು ಬರದೆ ಇರುತ್ತಾ? ಆದ್ರೆ ಇನ್ನೊಬ್ಬರ ಪೀಪಾಯಿಗೆ ಕೈ ಹಾಕೋನು ಈ ಕಸುಬು ಮಾಡಬಾರದು. ಆ ಈಸ್ಟ್ ನನ್ನ ಫ್ರಿಜ್ ಬಿಟ್ಟು ಹೊರಗೆ ಹೋಗಲ್ಲ. ವೈನಿಗೆ ಅಂತ ಯಾರಿಗೂ ಕೊಟ್ಟಿಲ್ಲ."

"ವೈನಿಗೆ ಅಂತ ಕೊಟ್ಟಿಲ್ಲ," ಅಂದೆ. "ಬೇರೆ ಯಾವುದಕ್ಕೆ ಕೊಟ್ಟಿದೀರಿ?"

"ಯಾವುದಕ್ಕೂ..." ಅವರು ಕೈ ಬೀಸಿದರು. "ಬ್ರೆಡ್ಡಿಗೆ ಅಂತ ನಿಮ್ಮತ್ತೆ ಇಸ್ಕೊಂಡು ಹೋದದ್ದು ಬಿಟ್ರೆ."

ಫ್ರಿಜ್ಜಿನ ಮೋಟಾರು ನಿಂತಿತು. ಅದು ಅಷ್ಟು ಹೊತ್ತು ಓಡುತ್ತಿತ್ತು ಎಂದು ಆಗ ತಿಳಿಯಿತು.

"ಯಾವಾಗ?"

"ನೀವಿಬ್ರೂ ಪೇಟೇಲಿದ್ರಲ್ಲ, ಆಗ. ಸೊಸೆ ಬಂದ್ಮೇಲೆ ಬ್ರೆಡ್ ಮಾಡ್ತಾಳಂತೆ, ತಂದಿಟ್ಟಿರಿ ಅಂದಿದಾಳಂತೆ ಅಂದ್ರು. ಅಂಗಡೀಲಿ ಸಿಗೋದು ಸಾಕಲ್ವಾ ಅಂದೆ. ಇಲ್ಲ, ಇದೇ ಬೇಕಂತೆ ಅಂದ್ರು. ಒಂದು ಜಾಡಿ ಕೊಟ್ಟೆ. ಸ್ವಲ್ಪ ಕೂತ್ಕೊಳ್ಳಿ ಅಂದ್ರೆ ಕೂರಲಿಲ್ಲ. ಹೊರಗೆ ಕಾರು ಕಾಯ್ತಿತ್ತು. ಯಾರೋ ಒಂದೇ ಸಮನೆ ಹಾರ್ನ್ ಒತ್ಕೊಂಡು ಕೂತಿದ್ರು, ಇಳೀಲೂ ಇಲ್ಲ."

ಈಸ್ಟ್ ತಂದಿಡಿ ಎಂದು ನಾನು ಅತ್ತೆಗೆ ಹೇಳಿ ಹೋಗಿರಲಿಲ್ಲ.

ಖಾಲಿ ಸಕ್ಕರೆ ಚೀಲ. ಕಪಾಟಿನ ಪಕ್ಕದ ಕೊಕ್ಕೆಯಲ್ಲಿ ಕೀಲಿ. ಮಗನ ಹುಳಿನೀರು ಒಂದಿಷ್ಟು ಸಿಹಿಯಾದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಆ ಮುದುಕಿಗೆ ಹೇಳಿರಬೇಕು. ಆಮೇಲೆ ಏನಾಗುತ್ತದೆ ಎಂದು ಹೇಳಿರಲಿಕ್ಕಿಲ್ಲ. ಹೇಳಿದವರಿಗಾದರೂ ಗೊತ್ತಿತ್ತೆ?

ಮೇಷ್ಟ್ರು ಪೆಟ್ಟಿಗೆಗೆ ಕೈ ಚಾಚಿದರು. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಅವರು ನನ್ನ ಮುಖ ನೋಡಿದರು. ಈಗ ತಾನೇ ತಾವು ಆಡಿದ ಮಾತು ಅವರಿಗೇ ಕೇಳಿಸಿತ್ತು.

"ಬ್ರೆಡ್..." ಅಂದರು. ದನಿ ಕೆಳಗಿಳಿದಿತ್ತು. "ಬ್ರೆಡ್ ಮಾಡಿದೆ ತಾನೇ, ಮಗಳೇ?"

ನಮ್ಮ ಮನೆಯಲ್ಲಿ ಓವನ್ ಇಲ್ಲ. ಬ್ರೆಡ್ ಬರುವುದು ಅಂಗಡಿಯಿಂದ. ಅಡುಗೆಮನೆಯಲ್ಲಿ ಅತ್ತೆ ತಣ್ಣಗಾದ ಲೋಟದ ಸುತ್ತ ಕೈ ಇಟ್ಟುಕೊಂಡು ನನಗಾಗಿ ಕಾಯುತ್ತಿರುತ್ತಾರೆ. ಸಂಜೆ ಇನ್ಸ್‌ಪೆಕ್ಟರ್ ಬರುತ್ತಾರೆ. ಅಜಾಗರೂಕತೆ ಎಂಬ ಪದವನ್ನು ಹೊಡೆದುಹಾಕಿದರೆ ಆ ಜಾಗದಲ್ಲಿ ಯಾರದಾದರೂ ಹೆಸರು ಬರೆಯಬೇಕು.

ಹೊರಗೆ ರಸ್ತೆಯಲ್ಲಿ ಒಂದು ಕಾರು ಬಂದು ನಿಂತಿತು. ಹಾರ್ನ್ ಶುರುವಾಯಿತು. ನಿಲ್ಲಲಿಲ್ಲ.

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು, ಆಮೇಲೆ ನನ್ನ ಕಡೆ. ನಾನು ಇಲ್ಲಿಗೆ ಬಂದದ್ದು ಅತ್ತೆಗೆ ಮಾತ್ರ ಗೊತ್ತಿತ್ತು; ಭಾವನಿಗೆ ಹೇಳಿದ್ದು ಅವರೇ ಇರಬೇಕು.

"ಮಾಡಿದೆ," ಅಂದೆ. "ಚೆನ್ನಾಗಿ ಬಂದಿತ್ತು."

ಪೆಟ್ಟಿಗೆಯನ್ನು ಅವರ ಕೈಗಿಟ್ಟೆ.